ಒಂದೇ ಸಾಲಿನಲ್ಲಿ ಹನ್ನೆರಡು ಮರಗಳು: ‘ಸೆಡ್’ ಬಳಸಿ ಸಾಲು ಮುರಿಯುವ ಪಾಠ ಮತ್ತು ನನ್ನ ಒಂದು ತಪ್ಪು

ಹಿನ್ನೆಲೆ

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ನನಗೆ ಒಂದು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೆಯ ತರಗತಿ ಸಿಕ್ಕಿತು. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಕಂಪ್ಯೂಟರ್ ಪಾಠ ನನ್ನ ಯೋಜನೆಯಲ್ಲಿ ಇರಲಿಲ್ಲ. ಆ ಶಾಲೆಯ ವಿಜ್ಞಾನ ಸಂಘದ ಮಕ್ಕಳು ಶಾಲೆಯ ಸುತ್ತಲಿನ ಬೀದಿಗಳಲ್ಲಿ ಮರಗಣತಿ ಮಾಡಿದ್ದರು. ಪ್ರತಿ ಗುಂಪು ಒಂದು ಬೀದಿಯಲ್ಲಿ ನಡೆದು, ಕಂಡ ಮರಗಳ ಹೆಸರನ್ನು ಕಂಡ ಕ್ರಮದಲ್ಲಿಯೇ ಬರೆದು, ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿತ್ತು. ಹೆಸರುಗಳ ನಡುವೆ ಅಲ್ಪವಿರಾಮ ಹಾಕಿದ್ದರು. ಎಂಟರ್ ಕೀಲಿಯನ್ನು ಯಾರೂ ಒತ್ತಿರಲಿಲ್ಲ. ಹಾಗಾಗಿ ಒಂದು ಬೀದಿ ಎಂದರೆ ಒಂದು ಉದ್ದನೆಯ ಸಾಲು.

ಮಾರ್ಗದರ್ಶಿ ಶಿಕ್ಷಕಿ ಒಂದು ದಿನ ಕೇಳಿದರು: “ಇದನ್ನ ಹೆಸರಿಗೊಂದು ಸಾಲು ಮಾಡಿ ಎಣಿಸಿಕೊಡೋಕೆ ಆಗುತ್ತೇನಮ್ಮ? ಮಕ್ಕಳ ಕೈಲೇ ಮಾಡಿಸಿದ್ರೆ ಇನ್ನೂ ಒಳ್ಳೇದು.” ಅಲ್ಲಿನ ಗಣಕಗಳಲ್ಲಿ ಉಬುಂಟು ಇತ್ತು. ಬಿ.ಎಸ್‌ಸಿ. ಓದುವಾಗ ಟರ್ಮಿನಲ್ಲಿನಲ್ಲಿ ‘ಸೆಡ್’ ಎಂಬ ಸಾಧನವನ್ನು ಸ್ವಲ್ಪ ಬಳಸಿದ್ದೆ. ಮೂರು ಅವಧಿಗಳನ್ನು ಕೇಳಿ ಪಡೆದೆ. ಆ ಮೂರು ಅವಧಿಗಳಲ್ಲಿ ಮಕ್ಕಳು ಕಲಿತದ್ದನ್ನೂ, ಎರಡನೆಯ ಅವಧಿಯಲ್ಲಿ ನಾನು ಮಾಡಿದ ತಪ್ಪನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಒಂದು ಸೂಚನೆ: ಕಮಾಂಡುಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದಂತೆಯೇ ಇಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಗಣಕದಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಕಡತಗಳ ಹೆಸರು ಮತ್ತು ಮರಗಳ ಹೆಸರು ಮಾತ್ರ ಗಣಕದಲ್ಲಿಯೂ ಕನ್ನಡದಲ್ಲಿಯೇ ಇದ್ದವು.

ಪಾಠ ಯೋಜನೆಯ ಸಾರಾಂಶ

ತರಗತಿ: ಒಂಬತ್ತು. ವಿದ್ಯಾರ್ಥಿಗಳು: 34. ಕೆಲಸ ಮಾಡುವ ಗಣಕಗಳು: 8. ಅವಧಿ: ತಲಾ 40 ನಿಮಿಷದ ಮೂರು ಅವಧಿಗಳು.

ಪೂರ್ವಜ್ಞಾನ: ಕನ್ನಡದಲ್ಲಿ ನಿಧಾನವಾಗಿಯಾದರೂ ಟೈಪ್ ಮಾಡಬಲ್ಲರು, ಕಡತವನ್ನು ತೆರೆದು ಉಳಿಸಬಲ್ಲರು, ಟರ್ಮಿನಲ್ ಅನ್ನು ನೋಡಿಲ್ಲ.

ಕಲಿಕಾ ಫಲಗಳು: (1) ‘ಹೊಸ ಸಾಲು’ ಎಂಬುದೂ ಕಡತದೊಳಗಿನ ಒಂದು ಅಕ್ಷರ ಎಂದು ಗುರುತಿಸುವರು. (2) ಒಂದು ಗುರುತಿನ ಜಾಗದಲ್ಲಿ ಹೊಸ ಸಾಲನ್ನು ಸೇರಿಸುವ ಕಮಾಂಡನ್ನು ಬರೆಯುವರು. (3) ಫಲಿತಾಂಶ ಸರಿಯೇ ಎಂದು ತಾವೇ ಪರೀಕ್ಷಿಸುವ ಒಂದು ವಿಧಾನವನ್ನಾದರೂ ಬಳಸುವರು.

ಮೊದಲ ಅವಧಿ: ಬೆರಳು ನಾಲ್ಕು ಎಂದಿತು, ಯಂತ್ರ ಒಂದು ಎಂದಿತು

ಒಂದು ಗುಂಪಿನ ಸಾಲನ್ನು ಕಪ್ಪುಹಲಗೆಯ ಮೇಲೆ ಬರೆದೆ. ಅದು ಹೀಗಿತ್ತು:

ಹೊಂಗೆ, ಬೇವು, ಹೊಂಗೆ, ತೆಂಗು, ಕರಿಬೇವು, ಹೊಂಗೆ, ನೇರಳೆ, ಬೇವು, ಹುಣಸೆ, ತೆಂಗು, ಹೊಂಗೆ, ಬೇವು

“ಹೊಂಗೆ ಎಷ್ಟಿವೆ?” ಎಂದೆ. “ನಾಲ್ಕು” ಎಂದರು. “ಈಗ ಕಂಪ್ಯೂಟರನ್ನು ಕೇಳೋಣ” ಎಂದು ‘ಮರಗಳು’ ಎಂಬ ಕಡತದ ಮೇಲೆ ಈ ಕಮಾಂಡನ್ನು ಓಡಿಸಿದೆ:

ಗ್ರೆಪ್ -ಸಿ ಹೊಂಗೆ ಮರಗಳು

ಉತ್ತರ: 1. ತರಗತಿ ನಕ್ಕಿತು. “ಮಿಸ್, ಇದಕ್ಕೆ ಎಣಿಸೋಕೇ ಬರಲ್ಲ!” ಎಂದ ಒಬ್ಬ. ನನ್ನ ಪೀಠಿಕೆಗೆ ಬೇಕಾದದ್ದು ಇದೇ ಗೊಂದಲ. ಗ್ರೆಪ್ ಪದಗಳನ್ನು ಎಣಿಸುವುದಿಲ್ಲ. ಆ ಪದ ಇರುವ ಸಾಲುಗಳನ್ನು ಎಣಿಸುತ್ತದೆ. ಇಡೀ ಬೀದಿ ಒಂದೇ ಸಾಲಿನಲ್ಲಿದ್ದಾಗ ಉತ್ತರ ಒಂದೇ ಆಗಬೇಕು. ಯಂತ್ರ ತಪ್ಪು ಮಾಡಿಲ್ಲ, ಅದರ ಅಳತೆಯ ಮಾನ ನಮ್ಮದಲ್ಲ, ಅಷ್ಟೆ. ನಾವು ಮರ ಎಂದು ಕೇಳಿದೆವು, ಅದು ಸಾಲು ಎಂದು ಕೇಳಿಸಿಕೊಂಡಿತು. ಹಾಗಾದರೆ ಏನು ಮಾಡಬೇಕು? ಹಿಂದಿನ ಬೆಂಚಿನಿಂದ ಉತ್ತರ ಬಂತು: “ಒಂದೊಂದು ಮರಾನೂ ಒಂದೊಂದು ಸಾಲಿಗೆ ಇಳಿಸಬೇಕು, ಮಿಸ್.”

ಗಣಕಕ್ಕೆ ಹೋಗುವ ಮೊದಲು ಒಂದು ಹಗ್ಗದ ಚಟುವಟಿಕೆ ಮಾಡಿಸಿದೆ. ಹನ್ನೆರಡು ರಟ್ಟಿನ ಚೀಟಿಗಳಲ್ಲಿ ಮರಗಳ ಹೆಸರು, ಹನ್ನೊಂದು ಚೀಟಿಗಳಲ್ಲಿ ಅಲ್ಪವಿರಾಮ. ಎಲ್ಲವನ್ನೂ ಬಟ್ಟೆಕ್ಲಿಪ್ಪಿನಿಂದ ಹಗ್ಗಕ್ಕೆ ಸಿಕ್ಕಿಸಿದೆವು. ಕಡತವೂ ಹೀಗೆಯೇ, ಒಂದೇ ಹಗ್ಗ. ನಾವು ಪರದೆಯ ಮೇಲೆ ಕಾಣುವ ‘ಸಾಲುಗಳು’ ಕಡತದಲ್ಲಿ ಒಂದರ ಕೆಳಗೊಂದು ಇರುವುದಿಲ್ಲ. ಹಗ್ಗದಲ್ಲಿ ಅಲ್ಲಲ್ಲಿ ‘ಇಲ್ಲಿಂದ ಕೆಳಗಿಳಿ’ ಎನ್ನುವ ಒಂದು ಅಕ್ಷರ ಇರುತ್ತದೆ. ಆಸ್ಕಿ ಪಟ್ಟಿಯಲ್ಲಿ ಅದರ ಸಂಖ್ಯೆ 10. ಅದು ಕಣ್ಣಿಗೆ ಕಾಣದು, ಆದರೆ ಜಾಗ ಹಿಡಿಯುತ್ತದೆ. ಬಾಗಿದ ಬಾಣ ಬರೆದ ಹನ್ನೊಂದು ಚೀಟಿಗಳನ್ನು ಕೊಟ್ಟು, ಅಲ್ಪವಿರಾಮಗಳನ್ನು ತೆಗೆದು ಅವನ್ನು ಸಿಕ್ಕಿಸಲು ಹೇಳಿದೆ. ಒಬ್ಬ ಹುಡುಗಿ ಹಗ್ಗವನ್ನು ಓದುತ್ತ ಹೋದಳು, ಇನ್ನೊಬ್ಬ ಹಲಗೆಯ ಮೇಲೆ ಬರೆಯುತ್ತ ಹೋದ. ಬಾಣ ಬಂದಾಗಲೆಲ್ಲ ಅವನು ಕೆಳಗಿಳಿದ. ಹನ್ನೆರಡು ಮರಗಳು ಹನ್ನೆರಡು ಸಾಲುಗಳಾದವು.

ಇಲ್ಲಿ ಒಂದು ಗಣಿತದ ಪ್ರಶ್ನೆಯೂ ತಾನಾಗಿ ಬಂತು. “ಹನ್ನೆರಡು ಮರಕ್ಕೆ ಹನ್ನೊಂದೇ ಬಾಣ ಯಾಕೆ ಸಾಕಾಯ್ತು?” ಬೇಲಿಯ ಕಂಬಗಳ ಲೆಕ್ಕ ನೆನಪಿಸಿದೆ: ಕಂಬಗಳು ಎಷ್ಟಿವೆಯೋ ಅದಕ್ಕಿಂತ ಒಂದು ಕಡಿಮೆ ಅಂತರ.

ಎರಡನೆಯ ಅವಧಿಯ ಮೊದಲರ್ಧ: ಕಮಾಂಡು ಮತ್ತು ಅದರ ಪರೀಕ್ಷೆ

ಸೆಡ್ ಎಂಬುದು ‘ಸ್ಟ್ರೀಮ್ ಎಡಿಟರ್’ ಎಂಬುದರ ಮೊಟಕು ರೂಪ. ಬೆಲ್ ಪ್ರಯೋಗಾಲಯದಲ್ಲಿ ಲೀ ಮೆಕ್‌ಮಹೊನ್ ಅವರು 1973-74ರ ಸುಮಾರಿಗೆ ಇದನ್ನು ಬರೆದರು. ಕೆನ್ ಥಾಂಪ್ಸನ್ ಅವರ ‘ಎಡ್’ ಎಂಬ ಸಂಪಾದಕದಿಂದ ಇದು ಬೆಳೆಯಿತು. ಇದರಲ್ಲಿ ಕಡತವನ್ನು ತೆರೆದು ಕರ್ಸರ್ ಓಡಿಸುವ ಕೆಲಸವಿಲ್ಲ. ಕಾಲುವೆಯ ನೀರಿನಂತೆ ಪಠ್ಯ ಒಂದು ಕಡೆಯಿಂದ ಹರಿದು ಬರುತ್ತದೆ, ಸೆಡ್ ಪ್ರತಿ ಸಾಲಿನ ಮೇಲೂ ನಾವು ಕೊಟ್ಟ ಸೂಚನೆಯನ್ನು ನಡೆಸಿ ಇನ್ನೊಂದು ಕಡೆ ಹರಿಯಬಿಡುತ್ತದೆ.

ಮಕ್ಕಳಿಗೆ ಕೊಟ್ಟ ಮೊದಲ ಕಮಾಂಡು ಇದು:

ಸೆಡ್ 'ಎಸ್/,/\ಎನ್/ಜಿ' ಮರಗಳು

ಇದನ್ನು ನಾಲ್ಕು ತುಂಡು ಮಾಡಿ ಓದಿಸಿದೆ. ‘ಎಸ್’ ಎಂದರೆ ಬದಲಿಸು. ಮೊದಲ ಎರಡು ಸ್ಲ್ಯಾಶ್‌ಗಳ ನಡುವೆ ಇರುವುದು ಏನನ್ನು ಹುಡುಕಬೇಕು ಎಂಬುದು. ಮುಂದಿನದು ಅದರ ಜಾಗದಲ್ಲಿ ಏನನ್ನು ಇಡಬೇಕು ಎಂಬುದು. ಬ್ಯಾಕ್‌ಸ್ಲ್ಯಾಶ್ ಎನ್ ಎಂದರೆ ನಮ್ಮ ಬಾಗಿದ ಬಾಣ. ಕೊನೆಯ ‘ಜಿ’ ಎಂದರೆ ಸಾಲಿನಲ್ಲಿ ಸಿಕ್ಕ ಎಲ್ಲ ಕಡೆಯೂ ಬದಲಿಸು. ಜಿ ಬಿಟ್ಟರೆ ಏನಾಗುತ್ತದೆ ಎಂದು ಮೊದಲು ಊಹಿಸಿ, ಆಮೇಲೆ ಓಡಿಸಿ ನೋಡಲು ಹೇಳಿದೆ. ಮೊದಲ ಹೊಂಗೆ ಮಾತ್ರ ಬೇರೆಯಾಗಿ, ಉಳಿದ ಹನ್ನೊಂದು ಮರಗಳು ಒಂದೇ ಸಾಲಿನಲ್ಲಿ ಉಳಿದವು.

ಹನ್ನೆರಡು ಸಾಲು ಕಂಡಾಗ ಎಲ್ಲರಿಗೂ ಖುಷಿ. ಗ್ರೆಪ್ ಈಗ ಹೊಂಗೆಗೆ 4 ಎಂದಿತು. ಬೇವಿಗೂ 4 ಎಂದಿತು. ಹಲಗೆಯ ಮೇಲೆ ಬೇವು ಮೂರೇ ಇವೆ! ಒಂದು ನಿಮಿಷದಲ್ಲಿ ಮುಂದಿನ ಸಾಲಿನ ಹುಡುಗಿ ಕಂಡುಹಿಡಿದಳು: “ಕರಿಬೇವಿನೊಳಗೂ ಬೇವು ಇದೆ, ಮಿಸ್.” ಇಡೀ ಸಾಲು ಆ ಪದವೇ ಆಗಿದ್ದರೆ ಮಾತ್ರ ಎಣಿಸು ಎನ್ನಲು ಗ್ರೆಪ್‌ಗೆ ‘-ಎಕ್ಸ್’ ಸೇರಿಸಬೇಕು. ಸೇರಿಸಿ ಓಡಿಸಿದೆವು. ಬೇವು 0 ಎಂದಿತು. ಹೊಂಗೆ 1 ಎಂದಿತು.

ಈ ಎರಡು ಸಂಖ್ಯೆಗಳ ಮೇಲೆ ತರಗತಿ ಐದು ನಿಮಿಷ ಕುಳಿತಿತು. ನಾನು ಉತ್ತರ ಹೇಳದೆ ತನಿಖಾ ಪ್ರಶ್ನೆ ಮಾತ್ರ ಕೇಳಿದೆ: “ಸರಿಯಾಗಿ ಎಣಿಸಲ್ಪಟ್ಟ ಆ ಒಂದೇ ಒಂದು ಹೊಂಗೆ ಯಾವುದು?” ಮೊದಲನೆಯದು ಎಂದು ಗೊತ್ತಾಯಿತು. ಮೊದಲನೆಯದಕ್ಕೂ ಉಳಿದವಕ್ಕೂ ಏನು ವ್ಯತ್ಯಾಸ? ಉಳಿದ ಎಲ್ಲವುಗಳ ಹಿಂದೆ ಒಂದು ಖಾಲಿ ಜಾಗ ಇದೆ. ನಾವು ಅಲ್ಪವಿರಾಮವನ್ನು ಬದಲಿಸಿದೆವು, ಅದರ ಬೆನ್ನಿಗಿದ್ದ ಸ್ಪೇಸ್ ಅನ್ನು ಬಿಟ್ಟುಬಿಟ್ಟೆವು. ಪರದೆಯ ಮೇಲೆ ಅದು ಸ್ವಲ್ಪ ಒಳಗೆ ಸರಿದಂತೆ ಕಾಣುತ್ತಿತ್ತು, ಯಾರೂ ಗಮನಿಸಿರಲಿಲ್ಲ. ಕಮಾಂಡು ಹೀಗಾಯಿತು:

ಸೆಡ್ 'ಎಸ್/, /\ಎನ್/ಜಿ' ಮರಗಳು

ಅಲ್ಪವಿರಾಮದ ನಂತರ ಒಂದು ಸ್ಪೇಸ್. ಈಗ ಹೊಂಗೆ 4, ಬೇವು 3, ತೆಂಗು 2, ಉಳಿದವು ಒಂದೊಂದು. ಕೂಡಿದರೆ ಹನ್ನೆರಡು.

ಮೂರನೆಯ ಕಲಿಕಾ ಫಲಕ್ಕಾಗಿ ಇನ್ನೊಂದು ಪರೀಕ್ಷೆಯನ್ನು ಸೇರಿಸಿದ್ದೆ. ‘ಡಬ್ಲ್ಯೂಸಿ -ಸಿ’ ಕಡತದ ಬೈಟುಗಳನ್ನು ಎಣಿಸುತ್ತದೆ. ಮೂಲ ಕಡತ 200 ಬೈಟು. ಅಲ್ಪವಿರಾಮವನ್ನಷ್ಟೇ ಬದಲಿಸಿದಾಗಲೂ 200, ಏಕೆಂದರೆ ಒಂದು ಬೈಟಿನ ಜಾಗಕ್ಕೆ ಒಂದು ಬೈಟು ಬಂತು. ಸ್ಪೇಸನ್ನೂ ಸೇರಿಸಿ ಬದಲಿಸಿದಾಗ 189. ಎರಡು ಹೋಗಿ ಒಂದು ಬಂತು, ಹನ್ನೊಂದು ಸಲ. 200ರಲ್ಲಿ 11 ಕಳೆದರೆ 189. ಹೊಸ ಸಾಲು ಜಾಗ ಹಿಡಿಯುವ ಅಕ್ಷರ ಎಂದು ಹಗ್ಗದಲ್ಲಿ ಹೇಳಿದ್ದು ಇಲ್ಲಿ ಸಂಖ್ಯೆಯಲ್ಲಿ ಸಾಬೀತಾಯಿತು. ಈ ಭಾಗ ನನ್ನ ಯೋಜನೆಯಂತೆಯೇ ನಡೆಯಿತು.

ಎರಡನೆಯ ಅವಧಿಯ ಉತ್ತರಾರ್ಧ: ನನ್ನ ತಪ್ಪು

ವಿಸ್ತರಣೆಯ ಹಂತಕ್ಕೆ ನಾನು ಗದ್ಯವನ್ನು ಆರಿಸಿದ್ದೆ. ಮಕ್ಕಳು ತಮಗೆ ಇಷ್ಟವಾದ ಒಂದು ಮರದ ಬಗ್ಗೆ ಒಂದು ಪ್ಯಾರಾ ಬರೆದಿದ್ದರು. ವಾಕ್ಯಕ್ಕೊಂದು ಸಾಲು ಮಾಡಿದರೆ ಒಬ್ಬರ ಬರಹವನ್ನು ಇನ್ನೊಬ್ಬರು ತಿದ್ದಲು ಸುಲಭ. ಪೂರ್ಣವಿರಾಮ ಸಿಕ್ಕ ಕಡೆ, ಆ ಪೂರ್ಣವಿರಾಮವನ್ನು ಉಳಿಸಿಕೊಂಡು, ಅದರ ಮುಂದೆ ಹೊಸ ಸಾಲು ಸೇರಿಸಬೇಕು. ಸಿಕ್ಕದ್ದನ್ನು ಹಾಗೆಯೇ ಉಳಿಸು ಎನ್ನಲು ‘&’ ಗುರುತು ಇದೆ. ಯೋಜನೆಯಲ್ಲಿ ನಾನು ಬರೆದುಕೊಂಡಿದ್ದ ಸೂಚನೆ:

'ಎಸ್/\./&\ಎನ್/ಜಿ'

ಚುಕ್ಕಿಯ ಹಿಂದಿನ ಬ್ಯಾಕ್‌ಸ್ಲ್ಯಾಶ್ ಇಲ್ಲಿ ಬಹಳ ಮುಖ್ಯ. ಸೆಡ್‌ನಲ್ಲಿ ಬರಿಯ ಚುಕ್ಕಿಗೆ ‘ಯಾವುದಾದರೂ ಒಂದು ಅಕ್ಷರ’ ಎಂಬ ಅರ್ಥವಿದೆ. ಬ್ಯಾಕ್‌ಸ್ಲ್ಯಾಶ್ ಇದ್ದರೆ ಮಾತ್ರ ಅದು ನಿಜವಾದ ಪೂರ್ಣವಿರಾಮ.

ಪ್ರಾತ್ಯಕ್ಷಿಕೆಗೆ ಒಬ್ಬ ಹುಡುಗಿಯ ಕಡತವನ್ನು ತೆಗೆದುಕೊಂಡೆ. ಅವಳದು ಎಲ್ಲರಿಗಿಂತ ಉದ್ದದ ಪ್ಯಾರಾ, ಮನೆಯ ಮುಂದಿನ ಹೊಂಗೆಯ ಬಗ್ಗೆ. ಅವಳ ಅಜ್ಜಿ ಹೊಂಗೆ ಎಣ್ಣೆಯ ದೀಪ ಹಚ್ಚುತ್ತಿದ್ದುದನ್ನೂ ಬರೆದಿದ್ದಳು. ಒಂದೊಂದೇ ಕೀಲಿ ಹುಡುಕಿ ಹುಡುಕಿ ಟೈಪ್ ಮಾಡಲು ಅವಳಿಗೆ ಒಂದು ಇಡೀ ಅವಧಿ ಹಿಡಿದಿತ್ತು. ಗಂಟೆ ಹೊಡೆಯಲು ಏಳೆಂಟು ನಿಮಿಷ ಉಳಿದಿತ್ತು. ಫಲಿತಾಂಶ ನೇರವಾಗಿ ಕಡತದಲ್ಲಿಯೇ ಉಳಿಯಲಿ ಎಂದು ‘-ಐ’ ಸೇರಿಸಿದೆ. ಅವಸರದಲ್ಲಿ ಬ್ಯಾಕ್‌ಸ್ಲ್ಯಾಶ್ ಬಿಟ್ಟೆ.

ಸೆಡ್ -ಐ 'ಎಸ್/./&\ಎನ್/ಜಿ' ಹೊಂಗೆಮರ

ಕಡತವನ್ನು ತೆರೆದಾಗ ಪ್ಯಾರಾ ಇರಲಿಲ್ಲ. ಒಂದು ಸಾಲಿಗೆ ಒಂದು ಚೂರು, ಪರದೆ ಮೇಲೆ ಪರದೆ. ಅದೂ ಅಕ್ಷರಗಳಲ್ಲ, ಅಕ್ಷರದ ಭಾಗಗಳು. ಸ್ವರಚಿಹ್ನೆಗಳು ತಮ್ಮ ವ್ಯಂಜನವನ್ನು ಬಿಟ್ಟು, ಚುಕ್ಕಿಚುಕ್ಕಿಯ ಒಂದು ವೃತ್ತಕ್ಕೆ ಅಂಟಿಕೊಂಡು ಬೇರೆ ಸಾಲಿನಲ್ಲಿ ನಿಂತಿದ್ದವು.

ಆಗ ನನ್ನ ಬಾಯಿಂದ ಬಂದ ಮಾತು: “ಸಿಸ್ಟಮ್‌ನಲ್ಲಿ ಏನೋ ಪ್ರಾಬ್ಲಮ್ ಇದೆ, ನಾಳೆ ನೋಡೋಣ.”

ಹುಡುಗಿ ಏನೂ ಹೇಳಲಿಲ್ಲ. ಪುಸ್ತಕ ಎತ್ತಿಕೊಂಡು ಹೋದಳು. ಮಾರ್ಗದರ್ಶಿ ಶಿಕ್ಷಕಿ ಹಿಂದೆ ಕುಳಿತು ಅವಲೋಕನ ಪಟ್ಟಿ ತುಂಬುತ್ತಿದ್ದರು. ಮಕ್ಕಳು ಹೋದ ಮೇಲೆ ಒಂದೇ ಪ್ರಶ್ನೆ ಕೇಳಿದರು: “ಪ್ರಾಬ್ಲಮ್ ಸಿಸ್ಟಮ್‌ದಾ?” ನಾನು ಅಲ್ಲ ಎಂದೆ. “ಹಾಗಾದ್ರೆ ನಾಳೆ ಪಾಠ ಅಲ್ಲಿಂದಲೇ ಶುರು ಮಾಡಮ್ಮ” ಎಂದರು. ಪಟ್ಟಿಯಲ್ಲಿ ಅವರು ಅದರ ಬಗ್ಗೆ ಏನನ್ನೂ ಬರೆದಿರಲಿಲ್ಲ. ಅದನ್ನು ನಾನು ಬರೆಯಬೇಕೆಂದು ಅವರು ಬಿಟ್ಟಿದ್ದರೆಂದು ಭಾವಿಸಿದ್ದೇನೆ.

ಮೂರನೆಯ ಅವಧಿ: ಒಡೆದದ್ದನ್ನು ಕೂಡಿಸುವುದು

ಮರುದಿನ ಆ ಕಮಾಂಡನ್ನು, ನಾನು ಟೈಪ್ ಮಾಡಿದ್ದ ಹಾಗೆಯೇ, ಹಲಗೆಯ ಮೇಲೆ ಬರೆದೆ. “ನಿನ್ನೆ ಸಿಸ್ಟಮ್ ಪ್ರಾಬ್ಲಮ್ ಅಂತ ಹೇಳಿದೆ. ಅದು ನಿಜವಲ್ಲ. ತಪ್ಪು ನನ್ನದು. ಈ ಸಾಲಿನಲ್ಲಿ ಒಂದು ಗುರುತು ಬಿಟ್ಟುಹೋಗಿದೆ, ಹುಡುಕಿ” ಎಂದೆ. ಯೋಜನೆಯಲ್ಲಿದ್ದ ಸರಿಯಾದ ಸಾಲನ್ನು ಪಕ್ಕದಲ್ಲಿ ಬರೆದೆ. ಬ್ಯಾಕ್‌ಸ್ಲ್ಯಾಶ್ ಇಲ್ಲದ್ದನ್ನು ಹಲವರು ಒಟ್ಟಿಗೆ ಕೂಗಿ ಹೇಳಿದರು. ಅಷ್ಟು ಉತ್ಸಾಹದ ಉತ್ತರ ಆ ಮೂರು ಅವಧಿಗಳಲ್ಲಿ ಬೇರೆ ಯಾವ ಪ್ರಶ್ನೆಗೂ ಬಂದಿರಲಿಲ್ಲ.

ಮೊದಲು ‘ಕನ್ನಡ’ ಎಂಬ ಒಂದೇ ಪದದ ಮೇಲೆ ಅದೇ ತಪ್ಪು ಕಮಾಂಡನ್ನು ಓಡಿಸಿದೆವು. ಓಡಿಸುವ ಮೊದಲು, ಎಷ್ಟು ಸಾಲು ಬರಬಹುದು ಎಂದು ಕೇಳಿದೆ. ಮೂರು ಎಂದರು: ಕ, ನ್ನ, ಡ. ಬಂದದ್ದು ಐದು ಚೂರು: ಕ, ನ, ಹಲಂತದ ಗುರುತು, ನ, ಡ. ಅವುಗಳ ಕೆಳಗೆ ಒಂದು ಖಾಲಿ ಸಾಲು. ನಾವು ಒಂದು ಅಕ್ಷರ ಎಂದು ಕರೆಯುವ ‘ನ್ನ’ ಯುನಿಕೋಡ್‌ನಲ್ಲಿ ಮೂರು ಸಂಕೇತಗಳು. ವರ್ಣಮಾಲೆಯ ಪಾಠದಲ್ಲಿ ಸಂಯುಕ್ತಾಕ್ಷರ ಬಿಡಿಸಿ ಬರೆಯಲು ಕಲಿತದ್ದನ್ನು ಯಂತ್ರ ತನ್ನ ರೀತಿಯಲ್ಲಿ ಮಾಡಿತ್ತು.

ಈಗ ಹುಡುಗಿಯ ಕಡತ. “ಏನೂ ಅಳಿಸಿಹೋಗಿಲ್ಲ ಅಲ್ವಾ ಮಿಸ್? ನಡುವೆ ಬಾಣಗಳು ಸೇರಿಕೊಂಡಿವೆ ಅಷ್ಟೇ” ಎಂದ ಹಗ್ಗದ ಚಟುವಟಿಕೆಯಲ್ಲಿ ಹಲಗೆಯ ಮೇಲೆ ಬರೆದಿದ್ದ ಹುಡುಗ. ಸರಿ, ಬಾಣಗಳನ್ನು ತೆಗೆಯೋಣ ಎಂದು ಮಕ್ಕಳೇ ಒಂದು ಕಮಾಂಡು ಸೂಚಿಸಿದರು:

ಸೆಡ್ 'ಎಸ್/\ಎನ್//ಜಿ' ಹೊಂಗೆಮರ

ಹೊಸ ಸಾಲನ್ನು ಹುಡುಕು, ಅದರ ಜಾಗದಲ್ಲಿ ಏನನ್ನೂ ಇಡಬೇಡ. ತರ್ಕ ಸರಿಯಾಗಿದೆ. ಆದರೆ ಏನೂ ಬದಲಾಗಲಿಲ್ಲ, ತಪ್ಪು ಎಂಬ ಸಂದೇಶವೂ ಬರಲಿಲ್ಲ. ಇಲ್ಲಿ ಸೆಡ್ ಒಳಗೆ ಕೆಲಸ ಮಾಡುವ ಬಗೆಯನ್ನು ವಿವರಿಸಲೇಬೇಕಾಯಿತು. ಸೆಡ್ ಒಂದು ಸಾಲನ್ನು ಓದುವಾಗ ಅದರ ತುದಿಯ ಬಾಣವನ್ನು ಕಳಚಿ ಪಕ್ಕಕ್ಕಿಡುತ್ತದೆ. ಉಳಿದದ್ದನ್ನು ತನ್ನ ಕೆಲಸದ ಮಣೆಯ ಮೇಲೆ ಇಟ್ಟುಕೊಂಡು ನಮ್ಮ ಸೂಚನೆಯನ್ನು ನಡೆಸುತ್ತದೆ. ಹೊರಗೆ ಕಳುಹಿಸುವಾಗ ಬಾಣವನ್ನು ಮತ್ತೆ ಸಿಕ್ಕಿಸುತ್ತದೆ. ಮಣೆಯ ಮೇಲೆ ಇಲ್ಲದ್ದನ್ನು ಹುಡುಕು ಎಂದರೆ ಅದು ಏನು ಮಾಡೀತು? ಹೊಸ ಸಾಲನ್ನು ಸೇರಿಸುವುದು ಸೆಡ್‌ಗೆ ಸುಲಭ, ತೆಗೆಯುವುದು ಕಷ್ಟ ಎಂಬುದಕ್ಕೆ ಇದೇ ಕಾರಣ. ದೊಡ್ಡ ‘ಎನ್’ ಎಂಬ ಸೂಚನೆಯಿಂದ ಮುಂದಿನ ಸಾಲನ್ನೂ ಮಣೆಗೆ ಕರೆಸಿಕೊಂಡರೆ ನಡುವಿನ ಬಾಣ ಕೈಗೆ ಸಿಗುತ್ತದೆ. ಆದರೆ ಅದು ಈ ತರಗತಿಗೆ ಭಾರ ಎನಿಸಿತು. ಸಾಲುಗಳ ಗೊಡವೆಯಿಲ್ಲದೆ ಇಡೀ ಹಗ್ಗವನ್ನು ಹಾಗೆಯೇ ನೋಡುವ ‘ಟಿಆರ್’ ಎಂಬ ಸರಳ ಸಾಧನವನ್ನು ಬಳಸಿದೆವು:

ಟಿಆರ್ -ಡಿ '\ಎನ್' < ಹೊಂಗೆಮರ > ಹೊಂಗೆಮರ-ಹೊಸ

‘-ಡಿ’ ಎಂದರೆ ಅಳಿಸು. ಹೊಸ ಕಡತವನ್ನು ತೆರೆಯಲು ಆ ಹುಡುಗಿಯನ್ನೇ ಕರೆದೆ. ಪ್ಯಾರಾ ಇದ್ದ ಹಾಗೆಯೇ ಇತ್ತು. ಸ್ವರಚಿಹ್ನೆಗಳು ತಮ್ಮ ವ್ಯಂಜನಗಳಿಗೆ ಸೇರಿದ್ದವು, ಒತ್ತಕ್ಷರಗಳು ಕೆಳಗೆ ಕುಳಿತಿದ್ದವು. ಅವಳು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿ, “ಎಲ್ಲಾ ಇದೆ” ಎಂದಳು.

ಈ ಪಾರಾಗುವಿಕೆಯಲ್ಲಿ ನನ್ನ ಜಾಣತನ ಏನೂ ಇರಲಿಲ್ಲ ಎಂಬುದನ್ನೂ ತರಗತಿಗೆ ತೋರಿಸಿದೆ. ‘&’ ಬದಲು ನಾನು ನೇರವಾಗಿ ಚುಕ್ಕಿಯನ್ನೇ ಬರೆದಿದ್ದರೆ, ಅಂದರೆ 'ಎಸ್/./.\ಎನ್/ಜಿ' ಎಂದಿದ್ದರೆ? ಒಂದು ನಕಲಿನ ಮೇಲೆ ಓಡಿಸಿದೆವು. ಎಲ್ಲ ಅಕ್ಷರಗಳೂ ಪೂರ್ಣವಿರಾಮಗಳಾದವು. ಬಾಣಗಳನ್ನು ತೆಗೆದರೂ ಉಳಿದದ್ದು ಚುಕ್ಕಿಗಳ ಸಾಲು ಮಾತ್ರ. ಅಜ್ಜಿಯ ದೀಪ ಯಾವ ಕಮಾಂಡಿನಿಂದಲೂ ಮರಳುತ್ತಿರಲಿಲ್ಲ. ಸೇರಿಸಿದ್ದನ್ನು ತೆಗೆಯಬಹುದು, ಬದಲಿಸಿದ್ದನ್ನು ಮರಳಿ ತರಲಾಗದು ಎಂಬ ವ್ಯತ್ಯಾಸ ಎಲ್ಲರಿಗೂ ತಿಳಿಯಿತು. ನನಗೆ ಅದು ಹಿಂದಿನ ರಾತ್ರಿಯೇ ತಿಳಿದಿತ್ತು, ನಿದ್ದೆ ಬಂದಿರಲಿಲ್ಲ.

ಮಕ್ಕಳು ತಂದ ಪ್ರಶ್ನೆ: ವಾಕ್ಯ ಎಲ್ಲಿ ಮುಗಿಯುತ್ತದೆ?

ಉಳಿದ ಸಮಯದಲ್ಲಿ ಸರಿಯಾದ ಕಮಾಂಡಿನಿಂದ, ‘-ಐ’ ಇಲ್ಲದೆ, ವಾಕ್ಯಗಳನ್ನು ಬೇರ್ಪಡಿಸಿದೆವು. ಹಿಂದಿನ ಪಾಠ ನೆನಪಿದ್ದ ಮಕ್ಕಳು ಪೂರ್ಣವಿರಾಮದ ನಂತರದ ಸ್ಪೇಸನ್ನೂ ಸೇರಿಸಬೇಕೆಂದು ತಾವೇ ಹೇಳಿದರು:

ಸೆಡ್ 'ಎಸ್/\. /.\ಎನ್/ಜಿ' ಹೊಂಗೆಮರ-ಹೊಸ

ಇದು ಹುಡುಗಿಯ ಪ್ಯಾರಾಗೆ ಸರಿಹೋಯಿತು. ಇನ್ನೊಂದು ಗುಂಪಿನ ಪ್ಯಾರಾದಲ್ಲಿ ಸಸ್ಯವಿಜ್ಞಾನಿ ಡಾ. ಬಿ. ಜಿ. ಎಲ್. ಸ್ವಾಮಿ ಅವರ ‘ಹಸುರು ಹೊನ್ನು’ ಪುಸ್ತಕದ ಪ್ರಸ್ತಾಪವಿತ್ತು. ಅಲ್ಲಿ ಸ್ವಾಮಿಯವರ ಹೆಸರು ಐದು ಸಾಲುಗಳಿಗೆ ಹಂಚಿಹೋಯಿತು. ‘ಡಾ.’ ಒಂದು ಸಾಲಿನ ತುದಿಗೆ, ‘ಬಿ.’ ‘ಜಿ.’ ‘ಎಲ್.’ ಒಂಟಿಯಾಗಿ, ‘ಸ್ವಾಮಿ’ ಇನ್ನೊಂದು ಸಾಲಿನ ಮೊದಲಿಗೆ.

“ವಾಕ್ಯ ಮುಗಿದಿದ್ದು ಅದಕ್ಕೆ ಹೇಗೆ ಗೊತ್ತಾಗ್ಬೇಕು ಮಿಸ್?” ಎಂದರು. ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ತಿರುಗಿ ಕೇಳಿದೆ. ಸ್ವಲ್ಪ ಚರ್ಚೆಯ ನಂತರ ಒಂದು ಗುಂಪು ಸೊಗಸಾದ ನಿಯಮ ತಂದಿತು: ನಮ್ಮ ವಾಕ್ಯಗಳು ಕ್ರಿಯಾಪದದಿಂದ ಮುಗಿಯುತ್ತವೆ, ‘ಇದೆ’, ‘ಬೆಳೆಯುತ್ತದೆ’, ‘ಬರೆದಿದ್ದಾರೆ’. ಹಾಗಾಗಿ ಚುಕ್ಕಿಯ ಹಿಂದೆ ‘ದೆ’ ಅಥವಾ ‘ರೆ’ ಇದ್ದರೆ ಮಾತ್ರ ಮುರಿಯಬೇಕು. ಎರಡು ಸೂಚನೆಗಳನ್ನು ‘-ಇ’ ಎಂಬ ಗುರುತಿನಿಂದ ಒಂದರ ಹಿಂದೊಂದು ಕೊಡಬಹುದು ಎಂದು ತೋರಿಸಿದೆ:

ಸೆಡ್ -ಇ 'ಎಸ್/ದೆ\. /ದೆ.\ಎನ್/ಜಿ' -ಇ 'ಎಸ್/ರೆ\. /ರೆ.\ಎನ್/ಜಿ'

ಸ್ವಾಮಿಯವರ ಹೆಸರು ಒಂದಾಯಿತು. ಆದರೆ ‘ಇಲ್ಲ.’ ಎಂದು ಮುಗಿಯುವ ವಾಕ್ಯ, ‘ನೆಟ್ಟರು.’ ಎಂದು ಮುಗಿಯುವ ವಾಕ್ಯ ಮುರಿಯದೆ ಮುಂದಿನ ವಾಕ್ಯಕ್ಕೆ ಅಂಟಿಕೊಂಡವು. ಮೊದಲ ನಿಯಮ ಬೇಡದ ಕಡೆಯೂ ಮುರಿಯಿತು, ಎರಡನೆಯದು ಬೇಕಾದ ಕಡೆಯೂ ಮುರಿಯಲಿಲ್ಲ. ಪೂರ್ಣ ಪರಿಹಾರವನ್ನು ನಾನು ಕೊಡಲಿಲ್ಲ. ಅಂಥದ್ದು ಒಂದು ಸಾಲಿನ ಕಮಾಂಡಿನಲ್ಲಿ ಇಲ್ಲ. ಕೊನೆಗೆ ಯಂತ್ರ ಮಾಡಿದ್ದನ್ನು ಕಣ್ಣಿನಿಂದ ಓದಿ ಕೈಯಿಂದ ಸರಿಪಡಿಸಿದರು. ಕನ್ನಡ ಶಿಕ್ಷಕರು ಇದನ್ನು ಕೇಳಿ, ಮುಂದಿನ ವಾರ ವಾಕ್ಯರಚನೆಯ ಪಾಠವನ್ನು ಇದೇ ಹಾಳೆಗಳಿಂದ ಆರಂಭಿಸುವುದಾಗಿ ಹೇಳಿದರು.

ಮುದ್ರಿಸುವ ಮೊದಲು ಒಂದು ಸಣ್ಣ ಉಪಕಾರವನ್ನೂ ಸೆಡ್‌ನಿಂದ ಪಡೆದೆವು. ‘ಸೆಡ್ ಜಿ’, ಇಲ್ಲಿ ಜಿ ದೊಡ್ಡಕ್ಷರ, ಪ್ರತಿ ಸಾಲಿನ ನಂತರ ಒಂದು ಖಾಲಿ ಸಾಲು ಸೇರಿಸುತ್ತದೆ. ತಿದ್ದುಪಡಿ ಬರೆಯಲು ಜಾಗ ಸಿಕ್ಕಿತು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು

1. ‘-ಐ’ ಅನ್ನು ಪ್ರಾತ್ಯಕ್ಷಿಕೆಯಲ್ಲಿ ಬಳಸಬೇಡಿ. ಅದಿಲ್ಲದಿದ್ದರೆ ಸೆಡ್ ಫಲಿತಾಂಶವನ್ನು ಪರದೆಗೆ ಮಾತ್ರ ಕಳುಹಿಸುತ್ತದೆ, ಮೂಲ ಕಡತ ಹಾಗೆಯೇ ಇರುತ್ತದೆ. ಬಳಸಲೇಬೇಕಾದರೆ ‘-ಐ.ಬಿಎಕೆ’ ಎಂದು ಬರೆಯಿರಿ. ಹಳೆಯ ಕಡತ ಆ ಬಾಲದೊಂದಿಗೆ ಉಳಿಯುತ್ತದೆ.

2. ‘>’ ಗುರುತಿನಿಂದ ಉಳಿಸುವಾಗ ಮೂಲ ಕಡತದ ಹೆಸರನ್ನೇ ಕೊಡಬೇಡಿ. ಸೆಡ್ ಓದಲು ಆರಂಭಿಸುವ ಮೊದಲೇ ಶೆಲ್ ಆ ಕಡತವನ್ನು ಖಾಲಿ ಮಾಡಿರುತ್ತದೆ. ಹೊಸ ಹೆಸರು ಕೊಡಿ.

3. ಉಬುಂಟುವಿನ ಸೆಡ್ ಬದಲಿ ಭಾಗದಲ್ಲಿ ಬ್ಯಾಕ್‌ಸ್ಲ್ಯಾಶ್ ಎನ್ ಅನ್ನು ಹೊಸ ಸಾಲೆಂದು ತಿಳಿಯುತ್ತದೆ. ಎಲ್ಲ ಯುನಿಕ್ಸ್ ಮಾದರಿಯ ಗಣಕಗಳ ಸೆಡ್ ಹಾಗಲ್ಲ. ಕೆಲವು ಕಡೆ ಬರಿಯ ಎನ್ ಅಕ್ಷರ ಬಂದು ಕೂರುತ್ತದೆ. ಆಗ ಬ್ಯಾಕ್‌ಸ್ಲ್ಯಾಶ್ ಬರೆದು, ಕೂಡಲೇ ಎಂಟರ್ ಒತ್ತಿ, ಕಮಾಂಡನ್ನು ಮುಂದಿನ ಸಾಲಿನಲ್ಲಿ ಮುಂದುವರಿಸಿ.

4. ವಿಂಡೋಸ್‌ನಲ್ಲಿ ಟೈಪ್ ಮಾಡಿ ತಂದ ಕಡತಗಳಲ್ಲಿ ಸಾಲಿನ ತುದಿಗೆ 13 ಮತ್ತು 10 ಸಂಖ್ಯೆಯ ಎರಡು ಅಕ್ಷರಗಳಿರುತ್ತವೆ. ಟೈಪಿಂಗ್ ಯಂತ್ರಗಳ ಕಾಲದ ನೆನಪು ಅದು: ಗಾಡಿಯನ್ನು ಸಾಲಿನ ಆರಂಭಕ್ಕೆ ಮರಳಿ ತರುವುದು ಒಂದು ಕೆಲಸ, ಕಾಗದವನ್ನು ಮೇಲಕ್ಕೆ ಸರಿಸುವುದು ಇನ್ನೊಂದು. ‘-ಎಕ್ಸ್’ ಬಳಸಿದಾಗ ಸಾಲಿನ ಕೊನೆಯ ಹೆಸರು ಲೆಕ್ಕಕ್ಕೆ ಸಿಗದಿದ್ದರೆ ಈ 13ನ್ನು ಶಂಕಿಸಿ.

5. ಮಕ್ಕಳ ಬರಹವನ್ನು ಪ್ರಯೋಗದ ವಸ್ತು ಮಾಡುವ ಮೊದಲು ನಕಲು ಮಾಡಿ. ಇದಕ್ಕೆ ತಾಂತ್ರಿಕ ಕಾರಣ ಬೇಕಿಲ್ಲ.

ಮುಕ್ತಾಯ

ನನ್ನ ಯೋಜನೆಯಲ್ಲಿ ಮೌಲ್ಯಮಾಪನಕ್ಕೆ ಐದು ಪ್ರಶ್ನೆಗಳಿದ್ದವು. ಹೆಚ್ಚಿನವರು ಸರಿಯಾಗಿ ಉತ್ತರಿಸಿದರು. ಆದರೆ ಅವರು ಕಲಿತದ್ದರ ನಿಜವಾದ ಸಾಕ್ಷಿ ನನಗೆ ಸಿಕ್ಕಿದ್ದು ಬೇರೆ ಕಡೆ. ಎರಡನೆಯ ಅವಧಿಯಲ್ಲಿ ‘ಸಿಸ್ಟಮ್ ಪ್ರಾಬ್ಲಮ್’ ಎಂಬ ಮಾತನ್ನು ನಾನು ಉಳಿಸಿಕೊಂಡಿದ್ದರೆ, ಮಕ್ಕಳು ಕಲಿಯುತ್ತಿದ್ದುದು ಯಂತ್ರ ಸುಮ್ಮನೆ ಕೈಕೊಡುತ್ತದೆ ಎಂಬುದನ್ನು. ಮೊದಲ ಅವಧಿಯಲ್ಲಿ ನಾನೇ ಅದಕ್ಕೆ ವಿರುದ್ಧವಾದುದನ್ನು ಕಲಿಸಿದ್ದೆ: ಯಂತ್ರ ಒಂದು ಎಂದರೆ ಅದಕ್ಕೊಂದು ಕಾರಣ ಇರುತ್ತದೆ, ಹುಡುಕಿ ಎಂದು. ನನ್ನ ಪಾಠ ನನಗೂ ಅನ್ವಯಿಸಬೇಕಿತ್ತು.

ಮರಗಣತಿಯ ಪಟ್ಟಿ ಈಗ ವಿಜ್ಞಾನ ಸಂಘದ ಫಲಕದಲ್ಲಿದೆ. ಹೊಂಗೆಯ ಪ್ಯಾರಾ ಗೋಡೆ ಪತ್ರಿಕೆಗೆ ಹೋಯಿತು. ಅದನ್ನು ಮುದ್ರಿಸಲು ನಾನು ಗಣಕದ ಮುಂದೆ ಕುಳಿತಾಗ ಆ ಹುಡುಗಿ ಬಂದು ನನ್ನ ಭುಜದ ಹಿಂದೆ ನಿಂತಳು. ಟರ್ಮಿನಲ್ ತೆರೆದೆ.

“ಮಿಸ್, -ಐ ಹಾಕ್ಬೇಡಿ” ಎಂದಳು.

ಹಾಕಲಿಲ್ಲ.